ಇಳಿಯಬೇಡ ಎಂದದ್ದು

ಮಗಳ ಕಾಲೇಜು ಮುಗಿದ ಬೇಸಿಗೆಯಲ್ಲಿ ನಾವಿಬ್ಬರೇ ಯುರೋಪಿಗೆ ಹೋಗುವುದೆಂದು ತೀರ್ಮಾನವಾಯಿತು. ನನ್ನ ಗಂಡನಿಗೆ ರಜೆ ಸಿಗಲಿಲ್ಲ. ರೈಲಿನಲ್ಲೇ ಸುತ್ತಬೇಕು ಎನ್ನುವುದು ಮಗಳ ಆಸೆಯಾಗಿತ್ತು, ಎಲ್ಲವನ್ನೂ ನಾನೇ ಏರ್ಪಾಟು ಮಾಡುತ್ತೇನೆ ಎನ್ನುವುದು ನನ್ನ ಹಟ. ಅಮೆರಿಕದ ಪಾರ್ಸಿಪನಿಯ ನಮ್ಮ ಮನೆಯಲ್ಲಿ ಯಾವ ಪ್ರಯಾಣವಾದರೂ ಟಿಕೆಟು, ಹೋಟೆಲು, ಸಾಮಾನು ಎಲ್ಲ ನನ್ನ ಪಾಲಿನದು. ಪರಿಚಯದವರು ರಜೆಗೆ ಹೊರಡುವ ಮುಂಚೆ ನನಗೆ ಫೋನ್ ಮಾಡಿ ಸಲಹೆ ಕೇಳುತ್ತಿದ್ದರು. ಅದು ನನಗೆ ಇಷ್ಟವೂ ಆಗುತ್ತಿತ್ತು.

ಒಂದು ಸಂಗತಿಯನ್ನು ಮಾತ್ರ ನಾನು ಯಾರಿಗೂ ಹೇಳಿರಲಿಲ್ಲ. ನನಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ.

ಪೂರ್ತಿ ಕೇಳಿಸುತ್ತಿರಲಿಲ್ಲ ಎಂದಲ್ಲ. ಶಬ್ದ ಕೇಳಿಸುತ್ತಿತ್ತು, ಮಾತು ಮಾತ್ರ ಬಿಡಿಬಿಡಿಯಾಗಿ ಹರಿದುಹೋಗುತ್ತಿತ್ತು. ಆಫೀಸಿನ ಮೀಟಿಂಗುಗಳು ಕಂಪ್ಯೂಟರಿನಲ್ಲೇ ನಡೆಯುತ್ತಿದ್ದವು. ಪರದೆಯ ಕೆಳಗೆ ಅಕ್ಷರಗಳು ಮೂಡುವಂತೆ ಮಾಡಿಕೊಂಡರೆ ಸಾಕಾಗುತ್ತಿತ್ತು. ಯಾರದಾದರೂ ಮನೆಯಲ್ಲಿ, ಎಲ್ಲರೂ ಒಂದೊಂದು ಅಡುಗೆ ತರುವ ಪಾಟ್‌ಲಕ್ಕಿನಲ್ಲಿ, ಹತ್ತು ಜನ ಒಟ್ಟಿಗೆ ಮಾತಾಡುವಾಗ ಅವರು ನಕ್ಕರೆ ನಾನೂ ನಗುತ್ತಿದ್ದೆ, ಅವರು ತಲೆಯಾಡಿಸಿದರೆ ನಾನೂ ತಲೆಯಾಡಿಸುತ್ತಿದ್ದೆ. ಮಾರಿಸ್‌ಟೌನಿನ ಡಾಕ್ಟರು ಪರೀಕ್ಷೆ ಮಾಡಿ, ಎರಡೂ ಕಿವಿಗೆ ಹಿಯರಿಂಗ್ ಏಡ್ ಹಾಕಿಕೊಳ್ಳಲೇಬೇಕು ಎಂದಿದ್ದರು. ಮನೆಗೆ ಬಂದು ಗಂಡನಿಗೆ, "ಏನಿಲ್ಲ, ಕಿವೀಲಿ ಗುಗ್ಗೆ ಕಟ್ಕೊಂಡಿತ್ತಂತೆ. ತೆಗೆದ್ರು" ಅಂದೆ. ಅವರು ನಂಬಿದರು.

ಮೈಸೂರಿನಲ್ಲಿ ನಮ್ಮ ದೊಡ್ಡಮ್ಮನಿಗೆ ಕಿವಿ ಕೇಳಿಸುತ್ತಿರಲಿಲ್ಲ. ಮದುವೆ ಮನೆಗಳಲ್ಲಿ ಆಕೆಯನ್ನು ಒಂದು ಕೇಳಿದರೆ ಇನ್ನೊಂದು ಉತ್ತರ ಬರುತ್ತದೆಂದು ಮಕ್ಕಳೆಲ್ಲ ಸೇರಿ ಬೇಕೆಂದೇ ಏನೇನೋ ಕೇಳುತ್ತಿದ್ದೆವು. ಆಕೆ ಗಂಭೀರವಾಗಿ ಉತ್ತರ ಹೇಳುವಾಗ ಕಂಬದ ಹಿಂದೆ ಹೋಗಿ ನಗುತ್ತಿದ್ದೆವು. ಡಾಕ್ಟರ ಮಾತು ಕೇಳಿದಾಗ ನನ್ನ ಕಣ್ಣ ಮುಂದೆ ಬಂದದ್ದು ಆ ಕಂಬ.

ರೈಲು ಪ್ರಯಾಣ ನನಗೆ ಒಗ್ಗುತ್ತದೆ ಎಂದುಕೊಂಡಿದ್ದೆ, ಏಕೆಂದರೆ ಅಲ್ಲಿ ಎಲ್ಲವನ್ನೂ ಬೋರ್ಡಿನಲ್ಲಿ ಬರೆದಿರುತ್ತಾರೆ. ಪ್ಯಾರಿಸಿನಿಂದ ಜರ್ಮನಿಯವರೆಗೆ ಹಾಗೇ ಆಯಿತು. ಬೋರ್ಡು ಓದಿ ಪ್ಲಾಟ್‌ಫಾರ್ಮ್ ಹೇಳುವವಳು ನಾನು, ಫೋನಿನಲ್ಲಿ ಟಿಕೆಟು ತೋರಿಸುವವಳು ಅವಳು. ಜಗಳವಾದದ್ದು ಸಾಮಾನಿನ ಬಗ್ಗೆ ಮಾತ್ರ. ಅವಳ ಬೆನ್ನಿಗೆ ಒಂದು ಚೀಲ. ನನ್ನದು ಎರಡು ದೊಡ್ಡ ಸೂಟ್‌ಕೇಸು. ಅದರಲ್ಲಿ ಒಂದರ ತುಂಬ ಅವಲಕ್ಕಿ, ಚಟ್ನಿಪುಡಿ, ಹುರಿದ ರವೆ, ಒಂದು ಪುಟ್ಟ ಎಲೆಕ್ಟ್ರಿಕ್ ಕುಕ್ಕರ್. ಮೆಟ್ಟಿಲಿದ್ದಲ್ಲೆಲ್ಲ ಅವಳು ಒಂದೂ ಮಾತಾಡದೆ ಎರಡನ್ನೂ ಎತ್ತುತ್ತಿದ್ದಳು. ಆ ಮೌನ ಬೈಗುಳಕ್ಕಿಂತ ಜೋರಾಗಿತ್ತು.

ಆ ದಿನ ನಾವು ಗಡಿಯ ಒಂದು ಊರಿಗೆ ಹೋಗಿ, ಅಲ್ಲಿ ಇಟಲಿಯ ರೈಲು ಹಿಡಿಯಬೇಕಿತ್ತು. ಅದರಲ್ಲಿ ನಮ್ಮ ಸೀಟು ಕಾದಿರಿಸಿತ್ತು. ಹತ್ತಿದ ರೈಲಿನಲ್ಲಿ ಸೂಟ್‌ಕೇಸಿಡಲು ಹಿಂದಿನ ಬೋಗಿಗಳಲ್ಲಿ ಮಾತ್ರ ಜಾಗ ಇತ್ತು, ಅಲ್ಲೇ ಕೂತೆವು. ಸ್ವಲ್ಪ ಹೊತ್ತಾದ ಮೇಲೆ ಮಗಳು ಕಾಫಿ ತರುತ್ತೇನೆಂದು ಮುಂದಿನ ಕಡೆಯ ಕ್ಯಾಂಟೀನ್ ಬೋಗಿಗೆ ಹೊರಟಳು. ಹೋಗುತ್ತಾ ಬಾಗಿಲ ಹತ್ತಿರ ತಿರುಗಿ ಏನೋ ಹೇಳಿದಳು.

"ಸರಿ ಸರಿ" ಅಂದೆ.

ಅವಳು ಹೇಳಿದ್ದೇನು ಎನ್ನುವುದು ಆಮೇಲೆ ಗೊತ್ತಾಯಿತು: ಈ ರೈಲು ಮುಂದಿನ ಜಂಕ್ಷನ್ನಿನಲ್ಲಿ ಎರಡು ಭಾಗವಾಗುತ್ತದಂತೆ, ಅನೌನ್ಸ್‌ಮೆಂಟ್ ಕೇಳಿಸಿಕೋ, ಹಿಂದಿನವರು ಮುಂದೆ ಬನ್ನಿ ಅಂದರೆ ನನಗೆ ಫೋನ್ ಮಾಡು, ಬಂದು ಸಾಮಾನು ತೆಗೆದುಕೊಂಡು ಹೋಗುತ್ತೇನೆ.

ಅನೌನ್ಸ್‌ಮೆಂಟ್ ಬಂತು. ನನ್ನ ಕಿವಿಗೆ ಅದು ಪಕ್ಕದ ಮನೆಯ ಕೊಳಾಯಿಯಲ್ಲಿ ನೀರು ಹರಿದ ಹಾಗೆ. ಎದುರಿಗೆ ಕೂತಿದ್ದ ವಯಸ್ಸಾದ ಹೆಂಗಸು ಎದ್ದು, ನನ್ನ ಸೂಟ್‌ಕೇಸು ನೋಡಿ, ಮುಂದಕ್ಕೆ ಕೈ ತೋರಿಸಿ ಏನೋ ಕೇಳಿದಳು. ನಾನು ಅಭ್ಯಾಸದ ನಗು ನಕ್ಕು ತಲೆಯಾಡಿಸಿದೆ. ಅವಳು ಸಮಾಧಾನದಿಂದ ಇಳಿದುಹೋದಳು. ಇನ್ನೂ ಎಷ್ಟೋ ಜನ ಇಳಿದು ಪ್ಲಾಟ್‌ಫಾರ್ಮಿನ ಮೇಲೆ ಮುಂದಕ್ಕೆ ನಡೆದರು. ಇದ್ಯಾವುದೋ ದೊಡ್ಡ ಊರಿರಬೇಕು ಅಂದುಕೊಂಡು, ಖಾಲಿಯಾದ ಎದುರು ಸೀಟಿನ ಮೇಲೆ ಕಾಲು ಚಾಚಿದೆ. ರೈಲು ಒಮ್ಮೆ ಕುಲುಕಿ, ನಿಂತು, ಮತ್ತೆ ಹೊರಟಿತು.

ಟಿಕೆಟ್ ಕಲೆಕ್ಟರ್ ಬಂದಾಗ ನನ್ನ ಹತ್ತಿರ ಟಿಕೆಟ್ ಇರಲಿಲ್ಲ. ಅದು ಮಗಳ ಫೋನಿನಲ್ಲಿತ್ತು. ಅವಳ ಪಾಸ್‌ಪೋರ್ಟು ನನ್ನ ಕೈಚೀಲದಲ್ಲಿತ್ತು. "ಮೈ ಡಾಟರ್ ಹ್ಯಾಸ್ ಇಟ್, ಶೀ ಈಸ್ ಕಮಿಂಗ್" ಅಂದೆ. ಆತ ತಲೆಯಲ್ಲಾಡಿಸಿ ಏನೋ ಹೇಳಿದ.

"ಸಾರಿ?" ಅಂದೆ.

ಮತ್ತೆ ಹೇಳಿದ. ಮತ್ತೆ ನಾನು "ಸಾರಿ?" ಅಂದೆ. ಮೂರನೆಯ ಸಲ ಗಟ್ಟಿಯಾಗಿ ಹೇಳಿದ. ಬೋಗಿಯಲ್ಲಿ ಉಳಿದಿದ್ದವರೆಲ್ಲ ತಿರುಗಿ ನೋಡಿದರು. ನನ್ನ ಮುಖ ಬಿಸಿಯಾಯಿತು. ಆತನಿಗೆ ನನ್ನ ಮೇಲೆ ಕನಿಕರ ಬಂತೆಂದು ಕಾಣುತ್ತದೆ. ಬಗ್ಗಿ, ತುಟಿ ಅಗಲಿಸಿ ಕೇಳಿದ. "ನೋ ಇಂಗ್ಲಿಷ್?"

ಅದು ನನಗೆ ಚೆನ್ನಾಗಿ ಅರ್ಥವಾಯಿತು. ಇಂಗ್ಲಿಷಿನಲ್ಲಿ ಮಾತಾಡಿ, ಇಂಗ್ಲಿಷಿನಲ್ಲಿ ಬರೆದು ಇಪ್ಪತ್ತು ವರ್ಷದಿಂದ ಸಂಬಳ ತೆಗೆದುಕೊಳ್ಳುತ್ತಿರುವ ನಾನು ತಲೆ ಅಲ್ಲಾಡಿಸಿ, "ನೋ ಇಂಗ್ಲಿಷ್" ಅಂದೆ. ಕಿವಿ ಕೇಳಿಸುವುದಿಲ್ಲ ಎಂದು ಹೇಳುವುದಕ್ಕಿಂತ ಅದು ಹಗುರವಾಗಿತ್ತು.

ಪಾಪ, ಆತ ಎರಡು ಮುಷ್ಟಿಗಳನ್ನು ಒಂದಕ್ಕೊಂದು ಅಂಟಿಸಿ ತೋರಿಸಿದ. ಆಮೇಲೆ ಬೇರ್ಪಡಿಸಿ, ಒಂದನ್ನು ಅತ್ತ, ಇನ್ನೊಂದನ್ನು ಇತ್ತ ಓಡಿಸಿದ. ಇತ್ತ ಓಡಿದ ಮುಷ್ಟಿಯಿಂದ ಒಂದು ಬೆರಳು ತೆಗೆದು ನನ್ನ ಕಡೆ ತೋರಿಸಿದ. ಆಗ ಅರ್ಥವಾಯಿತು. ಮಗಳು ಇಟಲಿಯ ದಾರಿಯಲ್ಲಿದ್ದಳು, ನಾನು ಇನ್ನೆಲ್ಲಿಗೋ ಹೋಗುತ್ತಿದ್ದೆ.

ಅಷ್ಟರಲ್ಲಿ ಅವಳ ಫೋನ್ ಬಂತು. ಚಕ್ರದ ಸದ್ದು, ಫೋನಿನ ಗೊರಗೊರ, ಅದರ ನಡುವೆ ಅವಳ ದನಿ. "ಅಮ್ಮಾ... ಇಳೀ... ಲಾಸ್ಟ್... ಓಕೆ?" ನನಗೆ 'ಇಳಿ' ಎನ್ನುವುದು ಸ್ಪಷ್ಟವಾಗಿ ಕೇಳಿಸಿತು. ಇನ್ನೊಮ್ಮೆ ಹೇಳು ಎನ್ನಬಹುದಿತ್ತು. ಕಲೆಕ್ಟರ್ ಅಲ್ಲೇ ನಿಂತಿದ್ದ, ಜನ ನೋಡುತ್ತಿದ್ದರು. "ಸರಿ ಸರಿ" ಎಂದು ಹೇಳಿ ಫೋನಿಟ್ಟು ಸೂಟ್‌ಕೇಸು ಎಳೆಯಲು ಎದ್ದೆ. ಮುಂದಿನ ಸ್ಟೇಷನ್ನಿನಲ್ಲಿ ಇಬ್ಬರು ಸೇರಿ ನನ್ನನ್ನೂ ಸಾಮಾನನ್ನೂ ಇಳಿಸಿದರು. ಕಲೆಕ್ಟರ್ ಬಾಗಿಲಲ್ಲಿ ನಿಂತು ಬೇಡ ಬೇಡ ಎಂದು ಕೈಯಾಡಿಸುತ್ತಿದ್ದ. ಅವನಿಗೂ ನಕ್ಕು ತಲೆಯಾಡಿಸಿದೆ.

ಒಂದೇ ಪ್ಲಾಟ್‌ಫಾರ್ಮಿನ ಊರು. ಒಂದು ಬೆಂಚು, ಹೂವಿನ ಕುಂಡಗಳು, ಆಚೆ ಹುಲ್ಲು ಕೊಯ್ದ ಗದ್ದೆ. ಒಬ್ಬರೂ ಇರಲಿಲ್ಲ. 'ಇಳಿದೆ' ಎಂದು ಮೆಸೇಜ್ ಕಳಿಸಿದೆ. ಅವಳು ಇಂಗ್ಲಿಷಿನಲ್ಲಿ ಉತ್ತರ ಬರೆದಳು. ಇಳಿಯಬೇಡ ಅಂದಿದ್ದಳಂತೆ. ಕೊನೆಯ ಸ್ಟೇಷನ್ನಿಗೆ ಹೋಗು, ನಾನೂ ಬೇರೆ ದಾರಿಯಿಂದ ಅಲ್ಲಿಗೇ ಬರುತ್ತೇನೆ, ಇಟಲಿಯ ರೈಲು ಅಲ್ಲೂ ನಿಲ್ಲುತ್ತದೆ ಅಂದಿದ್ದಳಂತೆ. ಇನ್ನು ಅಲ್ಲಿಂದ ಕದಲಬೇಡ ಎಂದು ಕೊನೆಯ ಸಾಲು.

ಬೆಂಚಿನ ಮೇಲೆ ಕೂತು ಏನು ಹೇಳಲಿ ಎಂದು ತಯಾರಿ ಮಾಡಿಕೊಂಡೆ. ಗಾಬರಿಯಾಗಿತ್ತು ಎನ್ನಲೇ? ಆ ಕಲೆಕ್ಟರೇ ಇಳಿಸಿದ ಎನ್ನಲೇ? ಒಳ್ಳೆಯವನಾಗಿದ್ದ, ಅವನ ಮೇಲೆ ಹಾಕಲು ಮನಸ್ಸು ಬರಲಿಲ್ಲ. ನೆಟ್‌ವರ್ಕ್ ಎಂದರೆ ಯಾರಿಗೂ ತೊಂದರೆಯಿಲ್ಲ ಅನಿಸಿತು.

ಬಹಳ ಹೊತ್ತಿನ ಮೇಲೆ ಬಂದ ರೈಲಿನಿಂದ ಮಗಳು ಇಳಿದಳು. ಮುಖ ಬಾಡಿತ್ತು. ಅತ್ತಿದ್ದಳು ಎಂದು ನೋಡಿದ ಕೂಡಲೇ ಗೊತ್ತಾಯಿತು. ನಾನು ಎದ್ದು, "ನೆಟ್‌ವರ್ಕೇ ಸರಿ ಇರ್ಲಿಲ್ಲ ಪುಟ್ಟಿ" ಅಂದೆ.

"ಅಮ್ಮಾ, ಸ್ಟಾಪ್" ಅಂದಳು. "ನೆಟ್‌ವರ್ಕ್ ಅಲ್ಲ. ಯು ನೆವರ್ ಲಿಸನ್. ನಾನು ಏನ್ ಹೇಳಿದ್ರೂ ಸರಿ ಸರಿ, ಸರಿ ಸರಿ. ಆಲ್ ಮೈ ಲೈಫ್."

ಆಮೇಲೆ ಅವಳು ಹಳಿಗಳ ಕಡೆ ತಿರುಗಿ ನಿಂತು ಮಾತು ಮುಂದುವರಿಸಿದಳು. ನನಗೆ ಅವಳ ಹೆಗಲು ಅಲುಗುವುದು ಕಾಣುತ್ತಿತ್ತು. ಒಂದು ಪದವೂ ಸಿಗುತ್ತಿರಲಿಲ್ಲ. ತುಂಬ ಮುಖ್ಯವಾದದ್ದೇನೋ ಹೇಳುತ್ತಿದ್ದಾಳೆ ಎಂದು ಮಾತ್ರ ಗೊತ್ತಾಗುತ್ತಿತ್ತು.

"ಈ ಕಡೆ ತಿರುಗಿ ಹೇಳು" ಅಂದೆ. "ನಂಗೆ ಕೇಳಿಸ್ತಿಲ್ಲ."

"ಐ ನೋ!" ಎಂದು ಕಿರುಚಿದಳು. "ಅದೇ ಹೇಳ್ತಿರೋದು!"

"ಹಾಗಲ್ಲ ಕಣೆ. ಕಿವಿ. ನಂಗೆ ಕಿವಿ ಕೇಳಿಸಲ್ಲ. ತುಂಬ ದಿನ ಆಯ್ತು. ಡಾಕ್ಟರು ಹಿಯರಿಂಗ್ ಏಡ್ ಹಾಕ್ಕೊಳ್ಳಿ ಅಂದಿದ್ರು. ನಾನೇ ಹಾಕ್ಕೊಳ್ಳಲಿಲ್ಲ."

ಅವಳು ತಿರುಗಿ ನನ್ನನ್ನೇ ನೋಡಿದಳು. "ಅಪ್ಪಂಗೆ ಗೊತ್ತಾ?"

"ಇಲ್ಲ."

ಬಂದು ಬೆಂಚಿನ ಮೇಲೆ ಕೂತಳು. ಕೋಪ ಇಳಿಯಬಹುದು, ಅಪ್ಪಿಕೊಳ್ಳಬಹುದು ಎಂದು ನಾನು ಕಾದೆ. ಅವಳು ಏನೋ ಲೆಕ್ಕ ಹಾಕುತ್ತಿರುವಂತೆ ನೆಲ ನೋಡುತ್ತಿದ್ದಳು. ಆಮೇಲೆ ಮುಖ ಎತ್ತಿ, ನನಗೆ ಕಾಣುವಂತೆ ನಿಧಾನವಾಗಿ ಕೇಳಿದಳು. "ಹಾಗಾದ್ರೆ ಆವತ್ತು ಕಾರಲ್ಲಿ? ಫರ್ಸ್ಟ್ ಇಯರ್ ಥ್ಯಾಂಕ್ಸ್‌ಗಿವಿಂಗ್ ರಜಕ್ಕೆ ನೀನು ನನ್ನ ಕರ್ಕೊಂಡು ಬರಕ್ಕೆ ಬಂದಿದ್ದೆ. ನಾನು ಹೇಳಿದ್ದು ಕೇಳಿಸ್ಲಿಲ್ವಾ?"

ಆ ದಿನ ನೆನಪಿತ್ತು. ಹೈವೇ ತುಂಬ ಟ್ರಕ್ಕುಗಳು, ಜೋರು ಮಳೆ, ವೈಪರಿನ ಸದ್ದು. ಅವಳು ಕಿಟಕಿಯ ಕಡೆ ಮುಖ ಮಾಡಿಕೊಂಡು ಬಹಳ ಹೊತ್ತು ಏನೋ ಹೇಳಿದ್ದಳು. ಕಾಲೇಜಿನ ಕ್ಲಾಸು, ರೂಮ್‌ಮೇಟು, ಅಂಥದ್ದೇನೋ ಇರಬೇಕು ಎಂದುಕೊಂಡು "ಗುಡ್, ಗುಡ್" ಅಂದಿದ್ದೆ. ಮಾತು ನಿಂತ ಮೇಲೆ, ಊಟಕ್ಕೆ ಬಿಸಿಬೇಳೆಬಾತ್ ಮಾಡಲೇ ಎಂದು ಕೇಳಿದ್ದೆ. ಮನೆ ತಲುಪುವವರೆಗೂ ಅವಳು ಬಾಯಿ ಬಿಟ್ಟಿರಲಿಲ್ಲ. ಸುಸ್ತಾಗಿರಬೇಕು ಎಂದುಕೊಂಡಿದ್ದೆ.

"ಕೇಳಿಸ್ಲಿಲ್ಲ" ಅಂದೆ. "ಏನು ಹೇಳಿದ್ದೆ?"

ಅವಳು ಸದಾ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ. ಅದನ್ನು ಮಾತ್ರ ಕನ್ನಡದಲ್ಲಿ ಹೇಳಿದಳು, ಪದ ಹುಡುಕಿ ಹುಡುಕಿ. "ನಂಗೆ ಬೆಳಿಗ್ಗೆ ಏಳಕ್ಕೆ ಆಗ್ತಾ ಇರ್ಲಿಲ್ಲ ಅಮ್ಮ. ಕ್ಲಾಸ್‌ಗೆ ಹೋಗ್ತಾ ಇರ್ಲಿಲ್ಲ. ಯಾಕೆ ಬದುಕಿರಬೇಕು ಅನ್ನಿಸ್ತಿತ್ತು. ಕೌನ್ಸೆಲರ್ ಹತ್ರ ಹೋಗ್ತಿದ್ದೆ. ಅವರು ಅಮ್ಮಂಗೆ ಹೇಳು ಅಂದ್ರು. ಹೇಳ್ದೆ. ನೀನು ಗುಡ್ ಗುಡ್ ಅಂದೆ."

ನನಗೆ ಅಳಲೂ ಆಗಲಿಲ್ಲ. ಅಳುವುದಕ್ಕೂ ಒಂದು ಹಕ್ಕು ಬೇಕು ಅನಿಸಿತು. ನಾಲ್ಕು ವರ್ಷ ಈ ಹುಡುಗಿ, ನಮ್ಮಮ್ಮನಿಗೆ ನಾನು ಬದುಕಿದರೂ ಅಷ್ಟೇ, ಹೋದರೂ ಅಷ್ಟೇ ಎಂದುಕೊಂಡು ಅದೇ ಮನೆಗೆ ರಜೆಗೆ ಬಂದು ಹೋಗಿದ್ದಳು. ನಾನು ಮಾಡಿಟ್ಟ ತಿಂಡಿ ತಿಂದಿದ್ದಳು. ಅಷ್ಟಾದರೂ ನನ್ನ ಜೊತೆ ಯುರೋಪ್ ನೋಡಬೇಕೆಂದು ಕರೆದಿದ್ದಳು. ಮಾತು ಕಿವಿಗೆ ಬೀಳದವಳು ಎನಿಸಿಕೊಳ್ಳುವುದಕ್ಕಿಂತ ಮಗಳ ಮಾತಿಗೆ ಬೆಲೆ ಕೊಡದವಳು ಎನಿಸಿಕೊಳ್ಳುವುದು ನನಗೆ ವಾಸಿಯಾಗಿತ್ತೇ? ಹಾಗೆಂದು ಯಾವತ್ತೂ ಕೂತು ಯೋಚಿಸಿರಲಿಲ್ಲ. ಆದರೆ ಮಾಡಿದ್ದು ಅದನ್ನೇ.

"ಈಗ ಹೇಗಿದೀಯ?" ಎಂದು ಕೇಳಿದೆ. ಕೇಳುವಾಗ ನಾಚಿಕೆಯಾಯಿತು, ಎಷ್ಟು ತಡವಾದ ಪ್ರಶ್ನೆ.

"ಈಗ ಓಕೆ. ರಿಯಲಿ. ಓಕೆ ಇದೀನಿ" ಅಂದಳು. "ಆಗ ಇರ್ಲಿಲ್ಲ."

"ತಪ್ಪಾಯ್ತು" ಅಂದೆ. ಅವಳು ಪರವಾಗಿಲ್ಲ ಎನ್ನಲಿಲ್ಲ. ಹಾಗೆನ್ನದಿದ್ದುದೇ ಒಳ್ಳೆಯದಾಯಿತು. ನನ್ನ ಮುಂಗೈ ಹಿಡಿದುಕೊಂಡು ಕೂತಳು. ಮುಂದಿನ ರೈಲು ಬರುವವರೆಗೂ ನಾನು ಕೇಳುತ್ತಾ ಹೋದೆ, ಅವಳು ಹೇಳುತ್ತಾ ಹೋದಳು. ಕೇಳಿಸದಿದ್ದಾಗಲೆಲ್ಲ ನಿಲ್ಲಿಸಿ "ಏನು?" ಅಂದೆ. ಅಷ್ಟು ಸಲ "ಏನು?" ಎಂದು ನಾನು ಹಿಂದೆ ಯಾರೆದುರೂ ಅಂದವಳಲ್ಲ.

ಇಟಲಿಯ ರೈಲು ತಪ್ಪಿತ್ತು. ಆ ರಾತ್ರಿ ಕೊನೆಯ ಸ್ಟೇಷನ್ನಿನ ಊರಿನಲ್ಲೇ ಉಳಿದು ಮರುದಿನ ಬೇರೆ ಟಿಕೆಟು ಮಾಡಿಸಿದೆವು. ಆಮೇಲಿನ ಪ್ರಯಾಣದಲ್ಲಿ ಮಗಳು ನನ್ನ ಎದುರಿಗೇ ಕೂರುತ್ತಿದ್ದಳು. ಅನೌನ್ಸ್‌ಮೆಂಟ್ ಬಂದಾಗ ನಾನು ಅವಳ ಮುಖ ನೋಡುತ್ತಿದ್ದೆ, ಅವಳು ಹೇಳುತ್ತಿದ್ದಳು. ವೆನಿಸಿನ ಸೇತುವೆಗಳ ಮೇಲೆ ಸೂಟ್‌ಕೇಸು ಹೊರುವಾಗ ಮಾತ್ರ ಬಾಯ್ತುಂಬ ಬೈದಳು. ಬೈದದ್ದು ಪೂರ್ತಿ ಕೇಳಿಸಿತು.

ನ್ಯೂವರ್ಕ್ ವಿಮಾನ ನಿಲ್ದಾಣಕ್ಕೆ ಗಂಡ ಬಂದಿದ್ದರು. ಕಾರು ಹೊರಡಿಸುವ ಮುಂಚೆಯೇ ಅವರಿಗೆ ಹೇಳಿದೆ. "ಅದಕ್ಕೇನಾ ಟಿವಿ ಅಷ್ಟು ಜೋರಾಗಿ ಇಡ್ತಿದ್ದಿದ್ದು?" ಎಂದು ನಕ್ಕರು. ಸ್ವಲ್ಪ ದೂರ ಹೋದ ಮೇಲೆ, ನಗು ಆರಿ, "ಗುಗ್ಗೆ ಅಂತ ಯಾಕೆ ಹೇಳ್ದೆ?" ಅಂದರು.

ಮಾರಿಸ್‌ಟೌನಿಗೆ ಹೋಗಿ ಎರಡೂ ಕಿವಿಗೆ ಹಾಕಿಸಿಕೊಂಡು ಬಂದೆ. ಮೊದಲ ವಾರ ನಮ್ಮ ಫ್ರಿಜ್ ಇಷ್ಟು ಸದ್ದು ಮಾಡುತ್ತದೆಯೇ ಎಂದು ಬೆರಗಾದೆ. ಇಷ್ಟಾದ ಮೇಲೆ ನಾಚಿಕೆ ಬಿಟ್ಟುಹೋಗಬೇಕಿತ್ತು. ಪೂರ್ತಿ ಹೋಗಿಲ್ಲ. ಕೂದಲನ್ನು ಕಿವಿಯ ಮೇಲೆ ಬರುವಂತೆ ಕತ್ತರಿಸಿಕೊಂಡಿದ್ದೇನೆ. ಮೊನ್ನೆ ರಾಬಿನ್ಸ್‌ವಿಲ್ಲಿನ ದೇವಸ್ಥಾನಕ್ಕೆ ಹೋಗಿದ್ದಾಗ ಗಾಳಿಗೆ ಕೂದಲು ಹಾರಿತು. ಜೊತೆಗಿದ್ದ ಆಂಟಿಯೊಬ್ಬರು, "ಏನ್ರೀ ಅದು, ಬ್ಲೂಟೂತಾ? ಇಲ್ಲೂ ಆಫೀಸ್ ಕಾಲಾ?" ಅಂದರು.

"ಹೂಂ" ಅಂದುಬಿಟ್ಟೆ.

ಮನೆಗೆ ಬಂದು ಮಗಳಿಗೆ ಫೋನ್ ಮಾಡಿ ಹೇಳಿದೆ. "ಅಮ್ಮಾ, ಸೀರಿಯಸ್ಲಿ?" ಅಂದಳು. ಅವಳ ದನಿಯಲ್ಲಿದ್ದ ಬೇಸರ ನನಗೆ ಸ್ವಚ್ಛವಾಗಿ ಕೇಳಿಸಿತು. ಆ ಆಂಟಿಯ ನಂಬರು ನನ್ನ ಹತ್ತಿರ ಇದೆ. ಫೋನ್ ಮಾಡಿ ನಿಜ ಹೇಳಬೇಕು. ಇನ್ನೂ ಮಾಡಿಲ್ಲ.