ಬೆರಳಿಗೆ ಸುತ್ತಿದ ಬಿಳಿ ಟೇಪು

ಹೋದ ವಾರ ಇಲ್ಲಿ ಗಲ್ಫಿನಲ್ಲಿ, ಫಿಂಟಾಸಿನ ಕ್ಲಿನಿಕ್ಕಿನಲ್ಲಿ ರಕ್ತ ಪರೀಕ್ಷೆಗೆ ಕೊಟ್ಟು ಮನೆಗೆ ಬಂದೆ. ಮೊಣಕೈಯ ಮಡಿಕೆಯಲ್ಲಿ ಹತ್ತಿಯ ಮೇಲೆ ಅಂಟಿಸಿದ್ದ ಬಿಳಿ ಟೇಪಿನ ತುದಿಯನ್ನು ಉಗುರಿನಿಂದ ಎಬ್ಬಿಸಿದಾಗ ಅದರ ಅಂಟಿನ ವಾಸನೆ ಬಂತು. ಅರ್ಧ ರಬ್ಬರು, ಅರ್ಧ ಆಸ್ಪತ್ರೆ. ಕೈ ಅಲ್ಲೇ ನಿಂತಿತು. ಬಹಳ ಹೊತ್ತು ಆ ಟೇಪನ್ನು ಕೀಳಲಾಗಲಿಲ್ಲ.

ನಾನು ಹನ್ನೊಂದನೇ ತರಗತಿಯಲ್ಲಿದ್ದಾಗ ನಾವು ಇಲ್ಲೇ ಅಬ್ಬಾಸಿಯಾದಲ್ಲಿದ್ದೆವು. ನಮ್ಮ ಮೇಲಿನ ಮಹಡಿಯಲ್ಲಿ ಒಬ್ಬ ನರ್ಸ್ ಇದ್ದರು. ಮಂಗಳೂರಿನ ಕಡೆಯವರು, ಮನೆಮಾತು ಕೊಂಕಣಿ, ಮದುವೆಯಾಗಿರಲಿಲ್ಲ. ಕಟ್ಟಡದವರಿಗೆಲ್ಲ ಅವರು ಸಿಸ್ಟರ್, ನನಗೆ ಸಿಸ್ಟರ್ ಆಂಟಿ. ಅವರ ಕೈಚೀಲದಲ್ಲಿ ಯಾವಾಗಲೂ ಎರಡು ವಸ್ತು ಇರುತ್ತಿದ್ದವು: ಆ ಬಿಳಿ ಟೇಪಿನ ಸುರುಳಿ, ಮತ್ತು ಒಂದು ಸ್ಟೀಲಿನ ಸೀಟಿ.

ಸೀಟಿ ಯಾಕೆಂದರೆ ಅವರು ನಮ್ಮ ಥ್ರೋಬಾಲ್ ಅಂಪೈರ್. ಪ್ರತಿವರ್ಷ ಜನವರಿಯ ಒಂದು ಶುಕ್ರವಾರ ಬೆಳಿಗ್ಗೆ, ಹತ್ತಿರದ ಶಾಲೆಯ ಅಂಗಳದಲ್ಲಿ, ನಮ್ಮ ಕಟ್ಟಡದ ಹೆಂಗಸರಿಗೂ ಅವರ ಆಸ್ಪತ್ರೆಯ ನರ್ಸುಗಳಿಗೂ ಪಂದ್ಯ ನಡೆಯುತ್ತಿತ್ತು. ಆಂಟಿ ಕೆಲಸ ಮಾಡುತ್ತಿದ್ದುದು ಅವರೊಂದಿಗೆ, ಬದುಕುತ್ತಿದ್ದುದು ನಮ್ಮೊಂದಿಗೆ. ಎರಡೂ ಕಡೆಗೆ ಸೇರಿದವರಾದ್ದರಿಂದ ಯಾವ ಕಡೆಗೂ ವಾಲುವುದಿಲ್ಲ ಎಂದು ಎಲ್ಲರೂ ನಂಬಿದ್ದರು. ಆ ನಂಬಿಕೆಯ ಬಗ್ಗೆ ಅವರಿಗೆ ಸಣ್ಣ ಜಂಬವೂ ಇತ್ತು ಎಂದು ಈಗ ಅನಿಸುತ್ತದೆ.

ಆಟದಲ್ಲಿ ಕಳ್ಳಾಟಕ್ಕೇನೂ ಕಡಿಮೆಯಿರಲಿಲ್ಲ. ಸೋಲುವ ಹೊತ್ತಿಗೆ ನರ್ಸುಗಳ ಬೂಟಿನ ಲೇಸು ತಾನಾಗಿಯೇ ಬಿಚ್ಚಿಕೊಳ್ಳುತ್ತಿತ್ತು. ನಮ್ಮ ಅಮ್ಮ ಧಾರವಾಡದ ದನಿಯಲ್ಲಿ, ಎದುರಾಳಿಗಳಿಗೆ ಕೇಳುವಂತೆ, "ಬಿಡ್ರೆವಾ, ಹೊರಗ ಹೊಂಟೈತಿ!" ಎಂದು ಕೂಗುತ್ತಿದ್ದಳು. ಗೆರೆಯೊಳಗೆ ಬೀಳಲಿದ್ದ ಚೆಂಡನ್ನು ಅವರಲ್ಲೊಬ್ಬರು ನಂಬಿ ಬಿಟ್ಟುಬಿಡುತ್ತಿದ್ದರು. "ನಿನ್ನ ಬಾಯಿಗೂ ಟೇಪ್ ಹಾಕ್ಬೇಕಾ ಎಂತ?" ಎಂದು ಆಂಟಿ ಗದರಿದರೆ ಎರಡೂ ಕಡೆಯವರು ನಗುತ್ತಿದ್ದರು.

ಆದರೆ ಒಂದು ವಿಷಯದಲ್ಲಿ ಮಾತ್ರ ಯಾರೂ ಕಳ್ಳಾಟ ಆಡುತ್ತಿರಲಿಲ್ಲ. ಹಾರಿಬಂದ ಚೆಂಡು ಯಾರ ಕೈಗೂ ತಾಕದೆ ಗೆರೆಯ ಆಚೆ ಬಿದ್ದರೆ ಎಸೆದವರಿಗೆ ನಷ್ಟ. ಹಿಡಿಯಲು ಹೋದವರ ಬೆರಳಿಗೆ ತಾಗಿ ಬಿದ್ದರೆ ಇವರಿಗೆ ನಷ್ಟ. ತುದಿಬೆರಳಿಗೆ ತಾಗಿದ್ದು ದೂರದಿಂದ ಕಾಣುವುದಿಲ್ಲ. ಅಂಥ ಹೊತ್ತಿನಲ್ಲಿ ಆಂಟಿ ಸೀಟಿ ಊದಿ, ಆಟಗಾರ್ತಿಯನ್ನು ನೋಡಿ, "ಮುಟ್ಟಿತಾ?" ಎಂದು ಕೇಳುತ್ತಿದ್ದರು. ಒಂದೇ ಸಲ. ಮುಟ್ಟಿದ್ದರೆ ಅವಳು ಕೈ ಎತ್ತಬೇಕು. ಅವಳು ಹೇಳಿದ್ದೇ ತೀರ್ಪು. ಇದೆಂಥ ಅಂಪೈರಿಂಗ್ ಎಂದು ಹೊಸಬರು ಯಾರಾದರೂ ಕೇಳಿದರೆ, "ಬೆರಳಿಗೆ ಗೊತ್ತುಂಟಲ್ಲ, ನನ್ನ ಕಣ್ಣಿಗೆ ಎಂತ ಗೊತ್ತು ಮಾರಾಯ್ತಿ?" ಎನ್ನುತ್ತಿದ್ದರು.

ಆ ವರ್ಷ ನಮ್ಮ ತಂಡಕ್ಕೆ ಒಬ್ಬರು ಕಡಿಮೆ ಬಿದ್ದು ನನ್ನನ್ನು ಸೇರಿಸಿಕೊಂಡರು. ನಾನು ಮಾತು ಕಡಿಮೆಯ ಹುಡುಗಿ, ಆಟದಲ್ಲಿ ಹೆಸರು ಮಾಡಿದವಳಲ್ಲ. ಹಿಂದಿನ ದಿನ ಅಭ್ಯಾಸದಲ್ಲಿ ಬಲಗೈಯ ಮಧ್ಯದ ಬೆರಳು ಉಳುಕಿತ್ತು. ಪಂದ್ಯಕ್ಕೆ ಮುಂಚೆ ಆಂಟಿಯೇ ನನ್ನ ಬೆರಳಿಗೆ ಟೇಪು ಸುತ್ತಿ, ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಿದರು. ಚಳಿಗಾಳಿಯಲ್ಲಿ ಆ ಅಂಟಿನ ವಾಸನೆ...

ಮೂರನೇ ಸುತ್ತು. ನಮ್ಮದು ಹದಿನಾಲ್ಕು, ಅವರದು ಹದಿಮೂರು. ಹದಿನೈದಕ್ಕೆ ಗೆಲುವು, ಮತ್ತು ನಮ್ಮವರು ಅದುವರೆಗೆ ಒಮ್ಮೆಯೂ ಗೆದ್ದಿರಲಿಲ್ಲ. ಹಿಂದಿನ ಎರಡು ಅಂಕ ನನ್ನ ಎಸೆತದಿಂದಲೇ ಬಂದಿದ್ದವು. ಅಂಗಳದ ಸುತ್ತ ನಿಂತವರು ನನ್ನ ಹೆಸರು ಹಿಡಿದು ಕೂಗುತ್ತಿದ್ದರು. ಅಷ್ಟು ಜನರ ಬಾಯಲ್ಲಿ ನನ್ನ ಹೆಸರನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

ಚೆಂಡು ಎತ್ತರದಲ್ಲಿ ಬಂತು. ನಾನು ಹಾರಿದೆ. ಸಿಗಲಿಲ್ಲ. ಚೆಂಡು ಹಿಂದಿನ ಗೆರೆಯ ಆಚೆ ಬಿತ್ತು. ಸೀಟಿಯಾಯಿತು. ಆಂಟಿ ನನ್ನನ್ನು ನೋಡಿದರು.

"ಮುಟ್ಟಿತಾ ಮಗಾ?"

ಮುಟ್ಟಿತ್ತು. ಟೇಪಿನ ತುದಿಯನ್ನು ಎಳೆದುಕೊಂಡೇ ಹೋಗಿತ್ತು. ಟೇಪಿನ ಕೆಳಗೆ ಬೆರಳು ಇನ್ನೂ ಚುರುಗುಡುತ್ತಿತ್ತು. ನಾನು ತಲೆಯಾಡಿಸಿದೆ, ಇಲ್ಲ ಎಂದು.

ಆಂಟಿಯ ಕೈ ನಮ್ಮ ಕಡೆಗೆ ಚಾಚಿತು. ನಮ್ಮವರು ನನ್ನನ್ನು ಎತ್ತಿಕೊಂಡರು. ಆಚೆಯಿಂದ ನರ್ಸುಗಳ ನಾಯಕಿ ಬಲೆಯ ಕೆಳಗೆ ನುಗ್ಗಿ ಬಂದರು.

"ಸಿಸ್ಟರ್, ಚೆಂಡು ದಾರಿ ಬದಲಿಸಿದ್ದು ನನಗೆ ಅಲ್ಲಿಂದ ಕಂಡಿದೆ. ಇನ್ನೊಂದ್ಸಲ ಕೇಳಿ ಅವಳನ್ನು."

"ನಾನು ಒಂದೇ ಸಲ ಕೇಳುವುದು. ನಿಮಗೆಲ್ಲ ಗೊತ್ತುಂಟು."

"ಹಾಗಾದ್ರೆ ಅವಳ ಬೆರಳಿನ ಟೇಪ್ ನೋಡಿ. ನೋಡ್ಲಿಕ್ಕೆ ಎಂತ ಕಷ್ಟ? ಕೆಳಗಿನ ಮನೆಯ ಹುಡುಗಿ ಅಂತಲಾ?"

ನಾನು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡೆ. ಅದನ್ನು ಆಂಟಿ ನೋಡಿದರು.

"ಹುಡುಗಿಯ ಕೈ ಹಿಡಿದು ತಪಾಸಣೆ ಮಾಡ್ಲಿಕ್ಕೆ ಇದು ಪೊಲೀಸ್ ಸ್ಟೇಷನ್ ಅಲ್ಲ. ತೀರ್ಪು ನನ್ನದು. ಖಲಾಸ್."

ನರ್ಸುಗಳು ಕೈಕುಲುಕದೆ ಹೊರಟುಹೋದರು. ಅವರಲ್ಲೊಬ್ಬರು ಕೊಂಕಣಿಯಲ್ಲಿ ಏನೋ ಅಂದರು. ನನಗೆ ಅರ್ಥವಾಗಲಿಲ್ಲ, ಆಂಟಿಗೆ ಆಯಿತು.

ಆಮೇಲೆ ನಲ್ಲಿಯ ಬಳಿ ನಾನೊಬ್ಬಳೇ ಮುಖ ತೊಳೆಯುತ್ತಿದ್ದಾಗ ಆಂಟಿ ಬಂದು ಕೈ ಚಾಚಿದರು. ನಾನು ಬೆರಳು ಕೊಟ್ಟೆ. ಟೇಪಿನ ತುದಿ ಮೇಲೆದ್ದು ಮಡಚಿಕೊಂಡಿತ್ತು. ಅದರ ಮೇಲೆ ಚೆಂಡಿನ ಮಣ್ಣಿನ ಕಂದು ಗೆರೆ. ಅವರು ಅದನ್ನು ನೋಡಿದರು. ಆಮೇಲೆ, ಬೆಳಿಗ್ಗೆ ಮಾಡಿದ ಹಾಗೆಯೇ, ಹೆಬ್ಬೆರಳಿನಿಂದ ಒತ್ತಿ ಕೂರಿಸಿದರು.

"ಒದ್ದೆ ಮಾಡಿ ಬಿಚ್ಚು ಆಯ್ತಾ. ಒಣಗಿದ್ದನ್ನು ಎಳೆದರೆ ಚರ್ಮ ಬರ್ತದೆ" ಎಂದರು. ಅಷ್ಟೇ.

ಬೈದಿದ್ದರೆ ನಾನು ಅಳುತ್ತಿದ್ದೆ, ಒಪ್ಪಿಕೊಳ್ಳುತ್ತಿದ್ದೆ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಅದೂ ನಿಜವೋ ಅಲ್ಲವೋ...

ಮುಂದಿನ ವರ್ಷ ಪಂದ್ಯಕ್ಕೆ ಬೇರೆ ಅಂಪೈರ್ ಬಂದರು, ಫೋನು ಹಿಡಿದು ವಿಡಿಯೋ ಮಾಡಲು ಇಬ್ಬರು ನಿಂತರು. ಆಂಟಿಯನ್ನು ಯಾರೂ ಕರೆಯಲಿಲ್ಲ. ನಮ್ಮವರೂ ಒತ್ತಾಯಿಸಲಿಲ್ಲ, ಗೆದ್ದ ಪಂದ್ಯದ ಮಾತನ್ನು ಮತ್ತೆ ಎತ್ತುವುದು ಅವರಿಗೆ ಬೇಕಿರಲಿಲ್ಲ. ಆಸ್ಪತ್ರೆಯಲ್ಲಿ ಏನಾಯಿತೆಂದು ಅಮ್ಮನಿಂದ ಸ್ವಲ್ಪ ಸ್ವಲ್ಪವಾಗಿ ತಿಳಿಯಿತು. ಕ್ಯಾಂಟೀನಿನಲ್ಲಿ ಅವರ ಪಕ್ಕ ಕುರ್ಚಿ ಖಾಲಿ ಇರುತ್ತಿತ್ತಂತೆ. ಆ ಬೇಸಿಗೆಯಲ್ಲಿ ಅವರ ತಾಯಿಗೆ ಕಾಯಿಲೆಯಾಯಿತು. ಊರಿಗೆ ಹೋಗುವ ರಜೆ ಅಲ್ಲಿ ಸರದಿಯ ಪ್ರಕಾರ. ಮುಂಚೆ ಬೇಕೆಂದರೆ ಯಾರಾದರೂ ತಮ್ಮ ಸರದಿ ಬಿಟ್ಟುಕೊಡಬೇಕು. ವರ್ಷಗಟ್ಟಲೆ ಎಲ್ಲರಿಗೂ ಬಿಟ್ಟುಕೊಟ್ಟವರು ಆಂಟಿ. ಅವರು ಕೇಳಿದಾಗ ಯಾರಿಗೂ ಅನುಕೂಲವಾಗಲಿಲ್ಲ. ಅವರು ಊರು ತಲುಪಿದಾಗ ತಾಯಿ ತೀರಿಕೊಂಡು, ಇಗರ್ಜಿಯಲ್ಲಿ ಏಳನೇ ದಿನದ ಪೂಜೆಯೂ ಮುಗಿದಿತ್ತು.

ಇಷ್ಟೂ ಆ ಒಂದು ಅಂಕದಿಂದಲೇ ಆಯಿತು ಎಂದು ನಾನು ಹೇಳಲಾರೆ. ಆಗಲಿಲ್ಲ ಎಂದೂ ಹೇಳಲಾರೆ.

ಆ ವರ್ಷವೇ ಅವರು ಕೆಲಸ ಬಿಟ್ಟು ಹೊರಟರು. ಅಷ್ಟು ಹೊತ್ತಿಗೆ ನಾನೂ ಕಾಲೇಜಿಗೆಂದು ಊರಿಗೆ ಹೊರಡುವ ತಯಾರಿಯಲ್ಲಿದ್ದೆ. ಅವರ ಒಂದು ಚೀಲವನ್ನು ಟ್ಯಾಕ್ಸಿಯವರೆಗೆ ಹೊತ್ತುಕೊಂಡು ಹೋದೆ. ನಾಲ್ಕು ಮಹಡಿಯ ಮೆಟ್ಟಿಲು. ಪ್ರತಿ ತಿರುವಿನಲ್ಲೂ ಹೇಳಬೇಕೆಂದುಕೊಂಡೆ. ಕೆಳಗೆ ಬಂದಾಗ ಅವರು ಚೀಲ ತೆಗೆದುಕೊಂಡು, "ಬೆರಳು ಸರಿಯಾಯ್ತಾ?" ಎಂದರು. ಹೌದು ಎಂದೆ. ಅವರಿಗೆ ಹೇಳಿದ ಒಂದು ನಿಜ ಅದು.

ಓದು ಮುಗಿಸಿ, ಮಿರ್ಕಾಬಿನಲ್ಲಿ ಕೆಲಸ ಸಿಕ್ಕಿ ನಾನು ಮತ್ತೆ ಇಲ್ಲಿಗೆ ಬಂದೆ. ಎರಡು ವರ್ಷದ ಹಿಂದೆ ಅಮ್ಮ ಫೋನಿನಲ್ಲಿ, ಬೇರೆ ಮಾತಿನ ನಡುವೆ, "ನಮ್ಮ ಮ್ಯಾಲಿನ ಮನಿ ಸಿಸ್ಟರ್ ತೀರಿಕೊಂಡ್ರಂತ ನೋಡವಾ. ಪಾಪ, ಭಾಳ ಛಲೋ ಹೆಣಮಗಳು" ಎಂದಳು. ನಾನು ಹೂಂ ಅಂದೆ. ಆ ಪಂದ್ಯದಲ್ಲಿ ಗೆದ್ದ ಕಪ್ ಈಗಲೂ ಅಮ್ಮನ ಶೋಕೇಸಿನಲ್ಲಿದೆ. ಮುಟ್ಟಿತ್ತೆಂದು ಅವಳಿಗೂ ನಾನು ಹೇಳಿಲ್ಲ.

ಕೊನೆಗೆ ಎದ್ದು ಸಿಂಕಿನ ಬಳಿ ಹೋಗಿ ಮೊಣಕೈಯನ್ನು ನೀರಿಗೆ ಹಿಡಿದೆ. ಟೇಪು ಮೆತ್ತಗಾಗುವವರೆಗೆ ಕಾದು, ನಿಧಾನವಾಗಿ ಬಿಚ್ಚಿದೆ. ಚರ್ಮ ಬರಲಿಲ್ಲ. ಕನ್ನಡಿಯ ಮುಂದೆ ಬಲಗೈ ಎತ್ತಿ ಸ್ವಲ್ಪ ಹೊತ್ತು ನಿಂತಿದ್ದೆ. ಇನ್ನೊಮ್ಮೆ ಕೇಳಿದ್ದರೆ... ಆದರೆ ಅವರು ಒಂದೇ ಸಲ ಕೇಳುತ್ತಿದ್ದರು.