ಬೈನೆ ಮುರಿದ ಸದ್ದು

ಅತ್ತಿಗುಂಡಿಲಿ ಹಳೇ ಕಾಫಿ ಗೋಡೌನ್ ಒಂದಿತ್ತಲ್ಲ, ಅದ್ರೊಳಗೆ ಈಗ ಒಂದು ಕಾಡೇ ಮಾಡಿದಾರೆ ಕಣ್ರೋ. ಎಸ್ಟೇಟ್ ಓನರ್ ಮಗ್ಳು ಗಗನಾ ಮಾಡಿಸಿದ್ದು. ಹಳಿ ಮೇಲೆ ಟ್ರಾಲಿ. ಕೂತ್ರೆ ಸಾಕು, ಕತ್ತಲಲ್ಲಿ ಮಿಂಚುಹುಳ, ಮೈಮೇಲೆ ತುಂತುರು ಮಳೆ, ಜೀರುಂಡೆ ಸದ್ದು, ಕೊನೇಲಿ ಆನೆ.

ಅಲ್ಲಿ ಕಸ ಗುಡ್ಸೋರು ಯಲ್ಲಮ್ಮ. ಮೂವತ್ತು ವರ್ಷ ಕಾಫಿ ಹಣ್ಣು ಕುಯ್ದು ಮಂಡಿ ಹೋಗಿದೆ, ಗುಡ್ಡ ಹತ್ತಕ್ಕಾಗಲ್ಲ. ಈ ಪೊರಕೆ ಕೆಲ್ಸನೂ ಹೋದ್ರೆ ಮನೇಲಿ ಕೂರ್ಬೇಕು. ಕೂರೋದು ಅಂದ್ರೆ ಯಲ್ಲಮ್ಮಂಗೆ ಜ್ವರ ಬಂದಂಗೆ.

ಶುರು ಮಾಡೋ ಮುಂಚೆ ಗಗನಾ ಸುತ್ತಮುತ್ತ ಹೋಂಸ್ಟೇ ನಡ್ಸೋರನ್ನ ಕರೆದ್ಲು. ಅವ್ರು ಗೆಸ್ಟ್ ಕಳಿಸ್ದೆ ಇದ್ರೆ ಬಾಗ್ಲು ಮುಚ್ಚೋದೇ. ಟ್ರಾಲಿ ಆನೆ ಬರೋ ಜಾಗಕ್ಕೆ ಹೋಯ್ತು, ಸ್ಪೀಕರಲ್ಲಿ ಆನೆ ಘೀಳಿಟ್ಟಿದ್ದೇ ತಡ, ಎಲ್ರೂ ಹೊಟ್ಟೆ ಹಿಡ್ಕೊಂಡು ನಗು! ಮಲ್ಲಂದೂರಿನ ಬೆಳ್ಳಿಯಪ್ಪನೋರು, ಹಿಂದೆ ಎಸ್ಟೇಟಲ್ಲಿ ಆಳುಗಳ ಲೆಕ್ಕ ಬರೆಯೋ ರೈಟರ್ ಆಗಿದ್ದೋರು, ನಕ್ಕು ನಕ್ಕು ಕಣ್ಣೊರೆಸ್ಕೊಂಡ್ರು.

"ಏನ್ ಗಗನಾ, ನಿನ್ನಾನೆ ಮದ್ವೆ ದಿಬ್ಬಣದ್ದಾ?"

ಅವ್ರೆಲ್ಲ ಹೋದ್ಮೇಲೆ ಗಗನಾ ಟ್ರಾಲಿ ಮೇಲೇ ಕೂತ್ಬಿಟ್ಲು. "ಬೆಂಗ್ಳೂರಿನೋರು ಮಾಡ್ಕೊಟ್ಟ ಸೌಂಡ್ ಯಲ್ಲಮ್ಮಾ. ಏನ್ ತಪ್ಪಿದೆ ಇದ್ರಲ್ಲಿ?"

"ಸೌಂಡ್ ಇರೋದೇ ತಪ್ಪು. ಆನೆ ಹಾರ್ನ್ ಹೊಡ್ಕೊಂಡು ಬರ್ತದಾ ಅಮ್ಮಾ? ಹಂಗ್ ಬಂದಿದ್ರೆ ನಾವು ಆರಾಮಾಗಿ ಹಣ್ಣು ಕುಯ್ತಿದ್ವಿ."

"ಮತ್ತೆ ಹೆಂಗ್ ಗೊತ್ತಾಗ್ತಿತ್ತು?"

"ಮೊದ್ಲು ಜೀರುಂಡೆ ನಿಲ್ತದೆ. ಆಮೇಲೆ ಎಲ್ಲೋ ಒಂದ್ ಬೈನೆ ಮರ ಲಟಕ್ ಅಂತದೆ. ಆನೆಗೆ ಬೈನೆ ಅಂದ್ರೆ ಪ್ರಾಣ. ಆ ಸದ್ದು ಕೇಳಿದ್ರೆ ಬುಟ್ಟಿ ಬಿಟ್ಟು ಓಡೋದೇ."

ಮಾರನೇ ದಿನ ಯಲ್ಲಮ್ಮ ಒಣಗಿದ ಬೈನೆ ದಂಟು ಒಂದ್ ಹೊರೆ ತರಿಸಿ, ಕಪ್ಪು ಪರದೆ ಹಿಂದೆ ನಿಂತ್ರು. ಗಗನಾ ಬೆಳ್ಳಿಯಪ್ಪನೋರನ್ನ ಕಾಡಿ ಬೇಡಿ ಕರ್ಕೊಂಡ್ಬಂದು ಟ್ರಾಲೀಲಿ ತನ್ನ ಪಕ್ಕ ಕೂರಿಸ್ಕೊಂಡ್ಲು.

"ಹ್ಞೂಂ, ದಿಬ್ಬಣ ಹೊರಡ್ಲಿ" ಅಂದ್ರು ಅವ್ರು.

ಮಳೆ ಆಯ್ತು, ಮಿಂಚುಹುಳ ಆಯ್ತು. ಗಗನಾ ಬಟನ್ ಒತ್ತಿದ್ಲು. ಜೀರುಂಡೆ ನಿಲ್ತು. ಟ್ರಾಲಿನೂ ನಿಲ್ತು. ಬೆಳ್ಳಿಯಪ್ಪನೋರು ಕತ್ತಲಲ್ಲಿ ಆಚೀಚೆ ಕತ್ತು ತಿರುಗಿಸಿದ್ರು. ಪರದೆ ಹಿಂದೆ ಯಲ್ಲಮ್ಮ ಕಾದ್ರು. ಇನ್ನೂ ಕಾದ್ರು. ಮಂಡಿಗೆ ಕೊಟ್ಟು ಮುರಿಯಕ್ಕಾಗಲ್ವಲ್ಲ, ಕಲ್ಲಿಗೆ ಒರಗಿಸಿ ಹಿಮ್ಮಡೀಲಿ ತುಳಿದ್ರು.

ಲಟಕ್!

ಬೆಳ್ಳಿಯಪ್ಪನೋರು ಗಗನಾ ಕೈ ಗಬಕ್ಕಂತ ಹಿಡ್ಕೊಂಡ್ರು. "ಉಸ್ರೆತ್ಬೇಡ," ಅಂತ ಪಿಸುಗುಟ್ಟಿದ್ರು, "ಮೆಲ್ಲಕೆ ಹಿಂದಿಂದ ಇಳಿ."

ಲೈಟ್ ಹಾಕಿದ್ಮೇಲೂ ಅವ್ರು ಗಗನಾ ಕೈ ಬಿಡ್ಲಿಲ್ಲ. "ಯಾವ ಕಂಪನಿ ಸೌಂಡ್ ಮಾರಾಯ್ತಿ ಇದು?"

ಗಗನಾ ಪರದೆ ಸರಿಸಿದ್ಲು. ಸೆರಗಿನ ತುಂಬಾ ಬೈನೆ ಪುಡಿ ಮೆತ್ಕೊಂಡು ಯಲ್ಲಮ್ಮ ನಿಂತಿದ್ರು.

"ನೀನಾ!" ಅಂದ್ರು ಬೆಳ್ಳಿಯಪ್ಪನೋರು. "ಭಾನುವಾರ ನನ್ ಗೆಸ್ಟ್ ಎಲ್ಲಾ ಕಳಿಸ್ತೀನಿ. ನಾನ್ ಮಾತ್ರ ಇನ್ನೊಂದ್ಸಲ ಒಳಗ್ ಬರಲ್ಲ."

ಈಗ ಪೊರಕೆ ಹಿಡಿಯಕ್ಕೆ ಬೇರೆಯೋರಿದಾರೆ. ಯಲ್ಲಮ್ಮಂಗೆ ಪರದೆ ಹಿಂದೆ ಸ್ಟೂಲ್ ಹಾಕಿದಾರೆ, ಅವ್ರು ಅದ್ರ ಮೇಲೆ ಕೂತಿದ್ದು ಯಾರೂ ನೋಡಿಲ್ಲ. ಬೇಗ ಮುರೀರಿ ಅಂತ ಗಗನಾ ಏನಾದ್ರೂ ಸನ್ನೆ ಮಾಡಿದ್ರೆ ಅಲ್ಲಿಂದ್ಲೇ ಮೆಲ್ಲಗೆ ಗದರ್ತಾರೆ:

"ತಡೀರಮ್ಮಾ! ಆನೆಗೇನ್ ಬಸ್ ತಪ್ಪೋಗ್ತದಾ?"