ಪೈ ಕೊಟ್ಟವಳ ಮಾತು

ಆರ್ಡಿತ್ ಟೆ ಸ್ಲಾ ಯಾರ ಪರ ಎದ್ದು ನಿಲ್ಲುತ್ತಾಳೋ ನಮ್ಮೂರಿನ ಓಟಿನ ಚೀಟಿಗಳೆಲ್ಲ ಅವರಿಗೇ ಬೀಳುತ್ತಿದ್ದವು. ವಾಯವ್ಯ ಅಯೋವಾದ ಈ ಡಚ್ಚರ ಊರಲ್ಲಿ ಅದು ಹಳೇ ರೂಢಿ. ಶಾಲೆಯ ಅಡುಗೆಮನೆಯಲ್ಲಿ ಊರಿನ ಅರ್ಧಕ್ಕರ್ಧ ಜನಕ್ಕೆ ಬಡಿಸಿ ಬೆಳೆಸಿದ ಹೆಂಗಸು; ಅವಳ ಬಾಯಲ್ಲಿ ಸುಳ್ಳು ಬಂದದ್ದನ್ನು ಕೇಳಿದವರಿಲ್ಲ. ರಿಪಬ್ಲಿಕನ್ ಪಕ್ಷ ಅವಳಿಗೆ ತವರುಮನೆ ಇದ್ದ ಹಾಗೆ. ಜಗಳ ಆಡಬಹುದು, ಬಿಟ್ಟು ಹೋಗುವ ಮಾತಿಲ್ಲ.

ಆ ಜನವರಿಯಲ್ಲಿ ಮಾತ್ರ ಆರ್ಡಿತ್‌ಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಅಧ್ಯಕ್ಷ ಪದವಿಗೆ ಪಕ್ಷದ ಟಿಕೆಟ್ ಕೇಳಿ ಬಂದವರಲ್ಲಿ ಅವಳು ಮೆಚ್ಚಿದ್ದ ಒಬ್ಬನೇ ಒಬ್ಬ ಹಿಂದಿನ ವಾರ ಕಣದಿಂದ ಸರಿದಿದ್ದ. ಉಳಿದವರು ಇಬ್ಬರು. ಸೆನೆಟರ್ ಪ್ರುವಿಟ್ ಸಂಸಾರದ ಪಾವಿತ್ರ್ಯದ ಮೇಲೆ ಗಂಟೆಗಟ್ಟಲೆ ಕೊರೆಯುತ್ತಿದ್ದ. ಪಕ್ಕದಲ್ಲಿ ನಗುತ್ತ ನಿಂತವಳು ಮೂರನೇ ಹೆಂಡತಿ. ಗವರ್ನರ್ ಹಾಲ್ಡೇನ್ ಮೆಕ್ಕೆಜೋಳದ ಊರಲ್ಲಿ ಜೋಳ ಹೊಗಳಿ, ತೈಲದ ಊರಲ್ಲಿ ತೈಲ ಹೊಗಳುತ್ತಿದ್ದ. ಅತ್ತ ದರಿ, ಇತ್ತ ಪುಲಿ.

ಸಾಲದ್ದಕ್ಕೆ ಈ ಗವರ್ನರ್ ಚಳಿಯಲ್ಲಿ ನಡುಗುತ್ತ ಅವಳ ಬಾಗಿಲಿಗೇ ಬಂದಿದ್ದ. ಬಂದವರನ್ನು ಹಾಗೇ ಕಳಿಸುವುದುಂಟೇ? ಚೆರಿ ಹಣ್ಣು ತುಂಬಿ ಬೇಯಿಸಿದ ಪೈ ಕೊಟ್ಟಳು. ತಿಂದ, ತಟ್ಟೆಯನ್ನು ತಾನೇ ತೊಳೆದಿಟ್ಟ, ಅವಳ ಜೊತೆ ಫೋಟೋ ತೆಗೆಸಿಕೊಂಡು ಹೋದ. ಮುಂದಿನ ವಾರ ಮನೆಮನೆಗೂ ಅದೇ ಫೋಟೋ ಇದ್ದ ಕರಪತ್ರ ಬಂತು: ‘ಆರ್ಡಿತ್ ಟೆ ಸ್ಲಾ ನಮ್ಮ ಜೊತೆಗಿದ್ದಾರೆ!’

“ಇದೇನೇ ಇದು, ನಂಗೂ ಹೇಳ್ದೆ?” ಅಂದ ಗಂಡ ಗೆರಿಟ್.

“ನಂಗೇ ಯಾರೂ ಹೇಳಿಲ್ಲ ಕಣೋ! ಒಂದು ತುಂಡು ಪೈ ತಿಂದ ಅಂತ ನಾನು ಅವನ ಕಡೆಯವಳಾಗ್ಬಿಟ್ನಾ?”

“ಹಂಗಾದ್ರೆ ಯಾರಿಗೆ ಹಾಕೋಣ?”

“ಗೊತ್ತಿಲ್ಲ. ಸುಮ್ನಿರು.”

“ಅಯ್ಯೋ ದೇವ್ರೆ! ನಿಂಗೂ ಗೊತ್ತಿಲ್ದೇ ಇರೋದು ಅಂತ ಒಂದಿದ್ಯಾ?”

ಆರ್ಡಿತ್‌ಗೆ ನಗು ಬರಲಿಲ್ಲ. ಈಗ ಬಾಯಿ ಮುಚ್ಚಿಕೊಂಡಿದ್ದರೆ ಇಷ್ಟು ವರ್ಷ ಕಾಪಾಡಿದ ಮಾತನ್ನು ಒಂದು ತುಂಡು ಪೈಗೆ ಮಾರಿಕೊಂಡಂತೆ.

ಪಕ್ಷದ ಅಭ್ಯರ್ಥಿಯನ್ನು ಆರಿಸುವ ಕಾಕಸ್ ಸಭೆಯ ದಿನ ಸಂಜೆ ಊರಿನ ಪಕ್ಷದವರೆಲ್ಲ ಹಿಮ ತುಳಿದುಕೊಂಡು ಚರ್ಚಿನ ನೆಲಮಾಳಿಗೆಗೆ ಬಂದರು. ಒಬ್ಬೊಬ್ಬ ಅಭ್ಯರ್ಥಿಯ ಪರ ಊರಿನವರೇ ಒಬ್ಬರು ಮಾತಾಡಬೇಕು, ಆಮೇಲೆ ಎಲ್ಲರೂ ಖಾಲಿ ಚೀಟಿಯಲ್ಲಿ ತಮಗೆ ಬೇಕಾದ ಹೆಸರು ಬರೆದು ಐಸ್‌ಕ್ರೀಮ್ ಡಬ್ಬಕ್ಕೆ ಹಾಕಬೇಕು. ಸೆನೆಟರ್ ಪರ ವಿಮೆ ಏಜೆಂಟ್ ಡ್ವೇನ್ ಎದ್ದ. ಭಾನುವಾರ ಪಾದ್ರಿಯ ಪ್ರಸಂಗ ಉದ್ದವಾದಾಗ ಮಾಡುವಂತೆ ಜನ ಪೆಪ್ಪರ್‌ಮಿಂಟ್ ಬಾಯಿಗೆ ಹಾಕಿಕೊಂಡು ಕಾದರು.

“ಇನ್ನು ಗವರ್ನರ್ ಪರ,” ಅಂದ ಸಭೆ ನಡೆಸುತ್ತಿದ್ದ ಹಾರ್ಲನ್. “ಬನ್ನಿ ಆರ್ಡಿತ್, ಫೋಟೋ ಚೆನ್ನಾಗಿ ಬಂದಿದೆ.”

ಆರ್ಡಿತ್ ಎದ್ದಳು. “ಪೈ ಕೊಟ್ಟಿದ್ದು ನಿಜ. ಮಾತು ಕೊಟ್ಟಿರ್ಲಿಲ್ಲ. ಇಬ್ರಲ್ಲಿ ಒಬ್ರೂ ನಂಗೆ ಹಿಡಿಸಿಲ್ಲ. ಇಷ್ಟು ದೊಡ್ಡ ಪಕ್ಷಕ್ಕೆ ಇವರಿಗಿಂತ ಒಳ್ಳೇವ್ರು ಸಿಗ್ಲಿಲ್ವಾ ಅಂತ ಹೊಟ್ಟೆ ಉರೀತದೆ. ಈ ಸಲ ನನ್ನ ಮುಖ ನೋಡ್ಬೇಡಿ. ನಿಮ್ಮ ನಿಮ್ಮ ಮನಸ್ಸಿಗೆ ಬಂದಂಗೆ ಬರೀರಿ.”

ಯಾರೋ ಚಪ್ಪಾಳೆ ತಟ್ಟಿದರು. ನೆಲಮಾಳಿಗೆ ಪೂರ್ತಿ ತಟ್ಟಿತು. ಆರ್ಡಿತ್ ಎದೆ ಹಗುರವಾಯಿತು, ಚೀಟಿ ಕೈಗೆ ಬರುವ ತನಕ. ಓಟು ಹಾಕದವನಿಗೆ ಬೈಯುವ ಹಕ್ಕಿಲ್ಲ ಅನ್ನುತ್ತಿದ್ದ ಅಪ್ಪ. ಬೈಯುವುದನ್ನು ಬಿಟ್ಟು ಅವಳು ಬದುಕುವುದುಂಟೇ? ಪೆನ್ಸಿಲ್ ಹಿಡಿದಳು, ಕೆಳಗಿಟ್ಟಳು, ಮತ್ತೆ ಹಿಡಿದಳು. ತಟ್ಟೆಯನ್ನಾದರೂ ತೊಳೆದಿದ್ದ ಪುಣ್ಯಾತ್ಮ. ಸರಸರನೆ ಹೆಸರು ಗೀಚಿ, ಮಡಿಸಿ ಡಬ್ಬಕ್ಕೆ ಹಾಕಿದಳು.

ಹಾರ್ಲನ್ ಚೀಟಿ ಬಿಚ್ಚತೊಡಗಿದ. “ಖಾಲಿ. ಪ್ರುವಿಟ್. ಖಾಲಿ... ಇದೂ ಖಾಲಿ.”

ಮುಖ ನೋಡಬೇಡಿ ಎಂದು ಆರ್ಡಿತ್ ಬಾಯಿಬಿಟ್ಟು ಹೇಳಿದರೂ, ಅವಳು ಖಾಲಿ ಹಾಕುತ್ತಾಳೆ ಅಂದುಕೊಂಡು ಎಲ್ಲ ಅವಳ ಹಿಂದೆಯೇ ಹೋಗಿದ್ದರು. ಡ್ವೇನ್‌ನ ನೆಂಟರಿಷ್ಟರ ಓಟಿನಲ್ಲೇ ಸೆನೆಟರ್ ಗೆದ್ದ.

“ಹಾಲ್ಡೇನ್, ಒಂದೇ ಒಂದು!” ಹಾರ್ಲನ್ ಕೊನೆಯ ಚೀಟಿ ಎತ್ತಿ ಆಡಿಸಿದ. “ಗವರ್ನರ್ ಇನ್ನೂ ಯಾರ ಮನೇಲಪ್ಪ ಪೈ ತಿಂದ?”

ಜನ ಬಿದ್ದು ಬಿದ್ದು ನಕ್ಕರು. ಚೀಟಿಯ ಮೇಲೆ ಬರೆದವರ ಹೆಸರಿರುವುದಿಲ್ಲ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಗೆರಿಟ್ ಅವಳ ಕಿವಿಯ ಹತ್ತಿರ ಬಗ್ಗಿ ಹೆಮ್ಮೆಯಿಂದ ಪಿಸುಗುಟ್ಟಿದ: “ನಾನೂ ನಿನ್ನಂಗೇ ಖಾಲಿ ಹಾಕ್ದೆ ಕಣೇ.”

ಆರ್ಡಿತ್ ಕುರ್ಚಿ ಹಿಂದಕ್ಕೆ ತಳ್ಳಿ ಮತ್ತೆ ಎದ್ದು ನಿಂತಳು.

“ನಕ್ಕಿದ್ದು ಸಾಕು,” ಅಂದಳು. “ಆ ಚೀಟಿ ನಂದು.”